ಲಲಿತಮಹಲಿನಲ್ಲಿ ಒಂದು ರಾತ್ರಿ

ಚಾಮುಂಡಿಬೆಟ್ಟವನ್ನು ಹತ್ತಿದವರು, ದೇವಿಯ ದರ್ಶನವಾದ ಮೇಲೆ, ಬಿಸಿಲಿಗೆ ಕೈಯನ್ನು ಹಣೆಗೆ ಅಡ್ಡವಾಗಿ ಹಿಡಿದು ಕೆಳಗಿನ ಬಯಲನ್ನು ನೋಡುವುದು ವಾಡಿಕೆ. ಆಗ ಹಸುರಿನ ನಡುವೆ ಒಂಟಿಯಾಗಿ ನಿಂತಿರುವ ಒಂದು ಬಿಳಿಯ ಸೌಧವು ಕಣ್ಣಿಗೆ ಬೀಳುವುದು. "ಅದೇ ಲಲಿತಮಹಲು" ಎಂದು ಹಿರಿಯರು ಮಕ್ಕಳಿಗೆ ತೋರಿಸುವರು, "ಅದರೊಳಗೆ ಯಾರಿರುತ್ತಾರೆ?" ಎಂದು ಮಕ್ಕಳು ಕೇಳುವರು. ನಾವೂ ಚಿಕ್ಕಂದಿನಲ್ಲಿ ಹೀಗೆಯೇ ಕೇಳಿದ್ದುಂಟು. ನಮ್ಮ ತಂದೆಯವರು "ದೊಡ್ಡವರು ಇರುತ್ತಾರೆ" ಎಂದಷ್ಟೇ ಹೇಳಿ ಮೆಟ್ಟಿಲಿಳಿಯುವುದಕ್ಕೆ ಮೊದಲುಮಾಡಿದರು. ಆ ದೊಡ್ಡವರ ಮನೆಯಲ್ಲಿ ಒಂದು ರಾತ್ರಿ ತಂಗುವ ಯೋಗವು ನಮಗೆ ಅರುವತ್ತನೆಯ ವಯಸ್ಸಿನಲ್ಲಿ ಒದಗಿತು.

ಯೋಗವೆಂದೆವು, ನಮ್ಮ ಸಂಪಾದನೆಯಿಂದ ಒದಗಿದ್ದಲ್ಲ. 2023ರಲ್ಲಿ ನಾವು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಒಂದು ಸಮಾರಂಭವನ್ನು ನಡೆಸಿದರು. ಶಾಲು, ಹಾರ, ಹಣ್ಣಿನ ತಟ್ಟೆ, ಭಾಷಣಗಳು ಎಲ್ಲವೂ ಆದವು. ಕಡೆಯಲ್ಲಿ ಅವರಲ್ಲೊಬ್ಬನು, ಈಗ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವವನು, ಒಂದು ಲಕ್ಕೋಟೆಯನ್ನು ನಮ್ಮ ಕೈಗಿತ್ತು, "ಮೇಷ್ಟ್ರೇ, ಡಿಸೆಂಬರಿನಲ್ಲಿ ಒಂದು ರಾತ್ರಿ ತಾವೂ ಅಮ್ಮನವರೂ ಲಲಿತಮಹಲಿನಲ್ಲಿ ಇರಬೇಕು. ಏರ್ಪಾಡೆಲ್ಲ ಆಗಿದೆ" ಎಂದನು. ಮನೆಗೆ ಬಂದ ಮೇಲೆ ನಮ್ಮ ಮನೆಯವರು ಆ ಕಾಗದವನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, "ಮೈಸೂರಿನಲ್ಲಿ ನಮ್ಮ ಅಕ್ಕನ ಮನೆ ಇರುವಾಗ ದುಡ್ಡು ತೆತ್ತು ಹೋಟೆಲಿನಲ್ಲಿ ಮಲಗುವುದೆ? ಅಕ್ಕ ಏನೆಂದುಕೊಂಡಾಳು?" ಎಂದರು. ಈ ಪ್ರಶ್ನೆಗೆ ಯಾವ ಶಾಸ್ತ್ರದಲ್ಲಿಯೂ ಉತ್ತರವು ಸಿಕ್ಕುವಂತಿರಲಿಲ್ಲ. ಕೊಟ್ಟವರು ಶಿಷ್ಯರು, ಬೇಡವೆಂದರೆ ನೊಂದುಕೊಳ್ಳುವರು ಎಂಬ ಒಂದೇ ಮಾತಿನಿಂದ ಹೊರಡುವುದೆಂದು ನಿಶ್ಚಯವಾಯಿತು. ಅಕ್ಕನಿಗೆ ತಿಳಿಸಲಿಲ್ಲ. ಈ ಲೇಖನವನ್ನು ಓದಿ ತಿಳಿದುಕೊಂಡರೆ ಅದರ ಹೊಣೆ ನಮ್ಮದೇ.

ಅರಮನೆಯು ಪಟ್ಟಣದ ಪೂರ್ವಕ್ಕೆ, ಎತ್ತರವಾದ ನೆಲದ ಮೇಲಿದೆ. ದೂರದಿಂದ ಬರುವವರಿಗೆ ಮೊದಲು ಕಾಣುವುದು ನಡುವಣ ದೊಡ್ಡ ಗುಮ್ಮಟ. ಲಂಡನ್ ನಗರದಲ್ಲಿ ಕ್ರಿಸ್ಟೊಫರ್ ರೆನ್ ಎಂಬ ಶಿಲ್ಪಿಯು ರಚಿಸಿದ ಸಂತ ಪಾಲನ ದೇವಾಲಯದ ಗುಮ್ಮಟವೇ ಇದಕ್ಕೆ ಮಾದರಿಯೆಂಬುದು ಪ್ರಸಿದ್ಧವಾದ ಸಂಗತಿ. ಅದರ ಇಕ್ಕೆಲಗಳಲ್ಲಿಯೂ ಎರಡು ಅಂತಸ್ತಿನುದ್ದಕ್ಕೂ ಜೋಡಿಜೋಡಿಯಾಗಿ ನಿಂತ ಕಂಬಗಳ ಸಾಲು. ಕಂಬಗಳ ನೆತ್ತಿಯಲ್ಲಿ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಅಲಂಕಾರ. ಈ ಬಗೆಯ ಕಂಬವನ್ನು ಯವನ ಶಿಲ್ಪದಲ್ಲಿ ಅಯೋನಿಕ್ ಎಂದು ಕರೆಯುವರು. ಮುಂದುಗಡೆ ಬಂಡಿಗಳು ಬಂದು ನಿಲ್ಲತಕ್ಕ ಮೊಗಸಾಲೆ. ಎಲ್ಲವೂ ಅಚ್ಚ ಬಿಳುಪು. 1897ರಲ್ಲಿ ಮೈಸೂರಿನ ಮರದ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನರ ನಕ್ಷೆಯಂತೆ ಎದ್ದು 1912ರಲ್ಲಿ ಪೂರ್ತಿಯಾದ ಈಗಿನ ದೊಡ್ಡ ಅರಮನೆಯಲ್ಲಿ ಹಿಂದೂ ಶೈಲಿ, ಮುಸಲ್ಮಾನ ಶೈಲಿ, ರಾಜಪುತ್ರ ಶೈಲಿಗಳೆಲ್ಲ ಕಲೆತಿರುವುವಷ್ಟೆ. ಲಲಿತಮಹಲಿನ ಹೊರಮೈಯಲ್ಲಿ ಅಂಥ ಬೆರಕೆಯು ನಮಗೆ ಕಾಣಲಿಲ್ಲ. ಯಾವ ಅತಿಥಿಗಳಿಗಾಗಿ ಇದನ್ನು ಕಟ್ಟಿದರೋ ಅವರ ಕಣ್ಣಿಗೆ ಅವರ ದೇಶವೇ ಕಾಣುವಂತೆ ಮಾಡಿದ್ದಾರೆ.

ಬೆರಕೆಯು ಹೆಸರಿನಲ್ಲಿ ಮಾತ್ರ ಇದೆ. 'ಲಲಿತ' ಸಂಸ್ಕೃತ, 'ಮಹಲ್' ಅರಬ್ಬೀ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಅರಿಸಮಾಸಕ್ಕೆ ಅಂಕ ಕಳೆದ ಕೈ ನಮ್ಮದು. ಇಂಥ ಕೂಟವನ್ನು ಕಂಡರೆ ಬೆರಳು ತಾನಾಗಿಯೇ ಕೆಂಪು ಶಾಯಿಯನ್ನು ಹುಡುಕುವುದು. ಆದರೆ ಮೇಲೆ ಬೆಟ್ಟದಲ್ಲಿ ಮಹಿಷನನ್ನು ಮರ್ದಿಸಿ ಉಗ್ರಳಾಗಿ ನಿಂತಿರುವ ದೇವಿಗೆ ಲಲಿತೆಯೆಂಬುದೂ ಒಂದು ಹೆಸರು. ಆಕೆಯ ಕಾಲಬಳಿಯ ಮನೆಗೆ ಆ ಹೆಸರು ಒಪ್ಪುವುದೆಂದು ತೋರಿ ಈ ಸಲ ಅಂಕವನ್ನು ಕಳೆಯಲಿಲ್ಲ.

ಇದರ ಅಸ್ತಿಭಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರವರು 1921ನೆಯ ಇಸವಿ ನವೆಂಬರ್ 18ರಂದು ಹಾಕಿದರು. ನಕ್ಷೆಯು ಬೊಂಬಾಯಿಯ ಇ. ಡಬ್ಲ್ಯು. ಫ್ರಿಚ್ಲಿಯವರದು, ಕಟ್ಟಿದವರು ಬಿ. ಮುನಿವೆಂಕಟಪ್ಪನವರು, ತಗಲಿದ ವೆಚ್ಚವು ಆ ಕಾಲದ 13 ಲಕ್ಷ ರೂಪಾಯಿ. ವೈಸರಾಯರೂ ಇತರ ಯೂರೋಪಿಯನ್ ಅತಿಥಿಗಳೂ ಇಳಿದುಕೊಳ್ಳುವುದಕ್ಕೆ ಈ ಮನೆಯು ಸಂಕಲ್ಪಿತವಾಯಿತು. ಆಗಿನ ಮೈಸೂರಿಗೆ ಅಂಥ ಅತಿಥಿಗಳು ಕಡಮೆಯಿರಲಿಲ್ಲ. ದಸರೆಯಲ್ಲಿ ಯೂರೋಪಿಯನರಿಗಾಗಿ ಬೇರೆಯೇ ಒಂದು ದರ್ಬಾರು ನಡೆಯುತ್ತಿತ್ತು. ಕಾಕನಕೋಟೆಯ ಕಾಡಿನಲ್ಲಿ ಕಾಡಾನೆಗಳ ಹಿಂಡನ್ನು ಬಳಸಿ ಅಟ್ಟಿ ಹಿಡಿಯುವ ಖೆಡ್ಡಾ ಎಂಬುದು ಪರದೇಶದವರು ಬಯಸಿ ಬಂದು ನೋಡುತ್ತಿದ್ದ ವಿನೋದ.

ಇಷ್ಟಾದರೂ ಅತಿಥಿಗಳಿಗೆ ದೊಡ್ಡ ಅರಮನೆಯಲ್ಲಿಯೇ ಬಿಡಾರ ಮಾಡಿಕೊಡಬಹುದಾಗಿತ್ತಲ್ಲವೆ, ಊರಾಚೆ ಬೇರೆ ಮನೆಯೇತಕ್ಕೆ ಎಂದು ವಾಚಕರು ಕೇಳಬಹುದು. ಮೈಸೂರಿನಲ್ಲಿ ಹಿಂದಿನಿಂದ ಹೇಳಿಕೊಂಡು ಬಂದಿರುವ ಕಾರಣವು ಅಡಿಗೆಗೆ ಸಂಬಂಧಪಟ್ಟದ್ದು. ಮಹಾರಾಜರು ಪರಮ ಆಸ್ತಿಕರು. ಪೂಜೆ ಪುರಸ್ಕಾರಗಳು ನಡೆಯುವ ಅರಮನೆಯಲ್ಲಿ ಮಾಂಸವನ್ನು ಬೇಯಿಸುವುದು ಸಲ್ಲದು. ಬಂದ ದೊರೆಗಳಿಗೋ ಅದಿಲ್ಲದೆ ಊಟವಾಗದು. ಅತಿಥಿಯ ನಾಲಗೆಯೂ ಕೆಡಬಾರದು, ಮನೆಯ ಆಚಾರವೂ ಕೆಡಬಾರದು. ಗೃಹಸ್ಥರಾದವರಿಗೆಲ್ಲ ಈ ಸಂಕಟವು ಅಷ್ಟಿಷ್ಟು ಪರಿಚಿತವೇ. ನಮ್ಮಂಥವರು ಇಂಥ ಸಮಯದಲ್ಲಿ ಬಂದವರಿಗೆ ಹಿತ್ತಿಲ ಕೋಣೆಯನ್ನು ತೋರಿಸುವೆವು. ಮಹಾರಾಜರು ತಮ್ಮ ಪಂಕ್ತಿಗೆ ಸಲ್ಲದವರಿಗಾಗಿ ಒಂದು ಅರಮನೆಯನ್ನೇ ಕಟ್ಟಿಸಿದರು. ಪಂಕ್ತಿಭೇದವೇನೋ ಹೌದು. ಆದರೆ ಹೀಗೆ ಹೊರಗಿಟ್ಟವರನ್ನು ಇಷ್ಟು ಗೌರವದಿಂದ ಹೊರಗಿಟ್ಟವರು ಅಪೂರ್ವ.

ಅತಿಥಿಯೆಂಬ ಶಬ್ದಕ್ಕೆ ತಿಥಿಯನ್ನು ನೋಡದೆ ಬರುವವನೆಂದು ಜನರು ಅರ್ಥ ಹೇಳುವರು. ಎಡೆಬಿಡದೆ ನಡೆಯುವುದೆಂಬ ಅರ್ಥದ 'ಅತ' ಧಾತುವಿನಿಂದ ಅದು ಹುಟ್ಟಿತೆಂದು ವೈಯಾಕರಣರು ಹೇಳುವರು. ಅಂದರೆ ಸದಾ ದಾರಿಯ ಮೇಲಿರುವವನು. ಎರಡರಲ್ಲಿ ಯಾವುದನ್ನು ಒಪ್ಪಿದರೂ ವೈಸರಾಯರು ಅತಿಥಿಗಳೆನಿಸಲಾರರು. ಅಂಥವರ ಸವಾರಿಯು ಹೊರಡುವ ದಿನವೂ ತಲಪುವ ಗಳಿಗೆಯೂ ಮುಂಚಿತವಾಗಿಯೇ ಗೊತ್ತಾಗಿರುವುದು. ನಾವೂ ಎನಿಸಲಾರೆವು. ನಾವು ಬರತಕ್ಕ ಹೊತ್ತು, ಮಾರನೆಯ ದಿನ ಕೋಣೆಯನ್ನು ಬಿಡತಕ್ಕ ಹೊತ್ತು ಎರಡೂ ಲಕ್ಕೋಟೆಯೊಳಗಿನ ಕಾಗದದಲ್ಲಿ ಅಚ್ಚಾಗಿದ್ದುವು.

ಅರಮನೆಗಳು ಹೋಟೆಲುಗಳಾಗುವುದು ನಮ್ಮ ದೇಶದಲ್ಲಿ ಇಲ್ಲಿಂದ ಮೊದಲಾದದ್ದಲ್ಲ. ಜಯಪುರದ ರಾಮಬಾಗ್ ಅರಮನೆಯು 1957ರಲ್ಲಿಯೇ ಹೋಟೆಲಾಯಿತು. ಉದಯಪುರದ ಸರೋವರದ ನಡುವಣ ಜಗನಿವಾಸವು 1963ರಲ್ಲಿ. ರಾಜ್ಯಗಳು ಹೋದುವು, ಛಾವಣಿಗಳು ಉಳಿದುವು; ಛಾವಣಿ ಸೋರಿದರೆ ಕಟ್ಟಿಸತಕ್ಕವರು ಯಾರು? 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರಾಜಧನವೂ ನಿಂತಿತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದೂ ಅದೇ ವರ್ಷ. ಖೆಡ್ಡಾದ ಆ ನೆಲವು ಬಳಿಕ ಕಬಿನಿಯ ಜಲಾಶಯದಲ್ಲಿ ಮುಳುಗಿತು. ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಬಹುಕಾಲ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮವು ಅದನ್ನು ನಡೆಸಿ, 2018ರಲ್ಲಿ ಅದು ರಾಜ್ಯ ಸರ್ಕಾರದ ವಶಕ್ಕೆ ಬಂದಿತು.

ದೊರೆಗಳ ಮನೆಯಲ್ಲಿ ದುಡ್ಡಿಗೆ ಅನ್ನವಿಕ್ಕುವುದೆಂದರೆ ಆ ಮನೆಗೆ ಅವಮಾನವೆಂದು ನೊಂದುಕೊಳ್ಳುವವರನ್ನು ನಾವು ಬಲ್ಲೆವು. ನಮಗೆ ಹಾಗೆ ತೋರುವುದಿಲ್ಲ. ಮೈಸೂರಿನಲ್ಲಿಯೇ ನೋಡಿ: ಜಗನ್ಮೋಹನದಲ್ಲಿ ಚಿತ್ರಗಳನ್ನು ತೂಗಹಾಕಿದರು, ಜಯಲಕ್ಷ್ಮೀವಿಲಾಸವು ಮಾನಸಗಂಗೋತ್ರಿಗೆ ಸೇರಿ ಜಾನಪದ ವಸ್ತುಗಳ ಸಂಗ್ರಹಾಲಯಕ್ಕೆ ಎಡೆಯಾಯಿತು, ಚೆಲುವಾಂಬವಿಲಾಸದಲ್ಲಿ 1950ರಿಂದ ಆಹಾರವನ್ನು ಕುರಿತ ಸಂಶೋಧನೆಯು ನಡೆಯುತ್ತ ಬಂದಿದೆ. ಇವೆಲ್ಲ ತಮ್ಮ ಹುಟ್ಟುಗುಣವನ್ನು ಬಿಟ್ಟು ಬೇರೆ ಕಸಬನ್ನು ಕಲಿತ ಮನೆಗಳು. ಲಲಿತಮಹಲಾದರೋ ಹುಟ್ಟಿದ್ದೇ ಬಂದವರಿಗೆ ಹಾಸಿಗೆ ಹಾಸುವುದಕ್ಕೆ. ಅದು ಕಸಬನ್ನು ಬದಲಾಯಿಸಲಿಲ್ಲ, ಬರುವವರು ಬದಲಾದರು. ಬಾವಲಿಗಳು ಜೋತುಬೀಳುವುದಕ್ಕಿಂತ ಬಾಡಿಗೆಯವರು ಬಂದುಹೋಗುವುದು ಲೇಸೆಂದು ಮನೆ ಕಟ್ಟಿ ರಿಪೇರಿ ಮಾಡಿಸಿದವರೆಲ್ಲ ಒಪ್ಪುವರು.

ಒಳಗೆ ಹೋದ ಕೂಡಲೆ ಇಟಲಿಯ ಅಮೃತಶಿಲೆಯ ಮಹಾಸೋಪಾನವು ಎದುರುಗೊಳ್ಳುವುದು. ಅದರ ಮೆಟ್ಟಿಲುಗಳು ಎಷ್ಟು ತಗ್ಗಾಗಿವೆಯೆಂದರೆ ಹತ್ತುತ್ತಿದ್ದೇವೆಂಬ ಅರಿವೇ ಆಗುವುದಿಲ್ಲ. ಮಂಡಿನೋವಿನವರು ಇದನ್ನು ಬಹಳ ಮೆಚ್ಚುವರು. ಪಕ್ಕದಲ್ಲಿ ಹಳೆಯ ಕಾಲದ ಒಂದು ಲಿಫ್ಟ್ ಇದೆ; ಅದನ್ನು ಕೈಯಿಂದ ನಡೆಸುವರು. ನಡೆಸುವಾತನು ನಮ್ಮನ್ನು ಕೂಡಿಸಿಕೊಂಡು ಜಾಲರಿಯ ಬಾಗಿಲನ್ನೆಳೆದಾಗ ನಮ್ಮ ಮನೆಯವರು ನಮ್ಮ ತೋಳನ್ನು ಹಿಡಿದುಕೊಂಡದ್ದನ್ನು ಇಲ್ಲಿ ಬರೆಯಕೂಡದೆಂದು ಅಪ್ಪಣೆಯಾಗಿದೆ. ಬೆಲ್ಜಿಯಮ್ಮಿನ ಸ್ಫಟಿಕದ ದೀಪಗುಚ್ಛ, ಪಾರಸೀಕ ರತ್ನಗಂಬಳಿ ಮುಂತಾದುವುಗಳ ವರ್ಣನೆಯನ್ನು ವಾಚಕರು ಎಲ್ಲಿ ಬೇಕಾದರೂ ಓದಬಹುದು. ನಮ್ಮ ಮನಸ್ಸಿನಲ್ಲಿ ನಿಂತದ್ದು ಬೆಳಕು. ಬಾಗಿಲು ಕಿಟಕಿಗಳಿಗೂ ಮೇಲ್ಛಾವಣಿಗೂ ಬಣ್ಣದ ಗಾಜನ್ನು ಕೂಡಿಸಿರುವುದರಿಂದ ಸಂಜೆಯ ಬಿಸಿಲು ನೆಲದ ಮೇಲೆ ಕುಂಕುಮವನ್ನೂ ಅರಿಶಿನವನ್ನೂ ಚೆಲ್ಲಿದಂತೆ ಬಿದ್ದಿತ್ತು. ನಮ್ಮ ಮನೆಯವರು ಅದನ್ನು ತುಳಿಯದೆ ಬಳಸಿ ನಡೆದರು.

ಕೋಣೆಯ ಎತ್ತರವು ನಮ್ಮ ಮನೆಯ ಎರಡರಷ್ಟಿತ್ತು. ಮಂಚವು ನಾಲ್ವರು ಮಲಗುವಂಥದು. ಸ್ನಾನದ ಮನೆಯಲ್ಲಿ ಪಿಂಗಾಣಿಯ ತೊಟ್ಟಿಯೊಂದು ದೋಣಿಯಂತೆ ನಿಂತಿತ್ತು. ಅದರೊಳಗೆ ಮಲಗಿ ಸ್ನಾನ ಮಾಡುವುದು ಹೇಗೆಂದು ಚರ್ಚೆಯಾಗಿ, ಮಿಂದ ನೀರಿನಲ್ಲಿಯೇ ಮತ್ತೆ ಮೀಯುವುದು ಶುದ್ಧಿಯೆ ಎಂಬ ಆಕ್ಷೇಪಣೆಯು ಬಂದು, ಕಡೆಗೆ ಒಂದು ಬಕೀಟೂ ಒಂದು ತಂಬಿಗೆಯೂ ಬೇಕೆಂದು ಆಳಿಗೆ ಹೇಳಿಕಳುಹಿಸಿದೆವು. ಎರಡೂ ಕ್ಷಣದಲ್ಲಿ ಬಂದುವು. ಇಂಥ ಕೋರಿಕೆ ಮೊದಲಿನದಾಗಿರಲಿಲ್ಲವೆಂದು ಆತನ ಮುಗುಳ್ನಗೆಯಿಂದ ತಿಳಿಯಿತು. ಕಿಟಕಿಯಿಂದ ಬೆಟ್ಟವು ಕಾಣುತ್ತಿತ್ತು. ಅಲ್ಲಿಂದ ಇಲ್ಲಿಗೆ ನೋಡಿದ್ದು ಹೋಗಿ ಇಲ್ಲಿಂದ ಅಲ್ಲಿಗೆ ನೋಡುವಂತಾಯಿತೆಂದು ಸ್ವಲ್ಪಹೊತ್ತು ಸುಮ್ಮನೆ ನಿಂತಿದ್ದೆವು. ಈಗ ಆ ಮೇಲೆ ಯಾರೋ ಒಬ್ಬ ಹುಡುಗನಿಗೆ "ದೊಡ್ಡವರು ಇರುತ್ತಾರೆ" ಎಂದು ಹೇಳುತ್ತಿರಬಹುದು.

ರಾತ್ರಿಯ ಊಟಕ್ಕೆ ಆ ಶಿಷ್ಯನು ಬೆಂಗಳೂರಿನಿಂದ ಬಂದು ಸೇರಿದನು. ಊಟದ ಶಾಲೆಯು ಹಿಂದೆ ದೊರೆಗಳೂ ದೊರೆಸಾನಿಯರೂ ನರ್ತನ ಮಾಡುತ್ತಿದ್ದ ಮಂದಿರ. ಅದರ ನೆತ್ತಿಯಲ್ಲಿ ಬಣ್ಣದ ಗಾಜಿನ ಮೂರು ಗುಮ್ಮಟಗಳಿವೆ. ಎಲ್ಲ ಬಗೆಯ ಅಡಿಗೆಯೂ ಆಗುವ ಮನೆಯೆಂದು ಮನೆಯವರು ಮೊದಲೇ ಅಂಜಿದ್ದರು. ಬಹಳ ಯೋಚಿಸಿ ಸಾರು, ಅನ್ನ, ಮೊಸರುಗಳನ್ನು ಮಾತ್ರ ಹೇಳಿದರು. ಶಿಷ್ಯನೂ ಅದನ್ನೇ ಹೇಳಿದನು.

"ನಮಗೋಸ್ಕರ ನೀನು ಬಾಯಿ ಕಟ್ಟಬೇಡಪ್ಪ. ನಿನಗೆ ರೂಢಿಯಿರುವುದನ್ನು ತರಿಸಿಕೊ" ಎಂದರು ಮನೆಯವರು.

"ಅದು ದಿನಾ ಇದ್ದದ್ದೇ ಅಮ್ಮ. ನಿಮ್ಮ ಜೊತೆಯಲ್ಲಿ ಕೂತು ಊಟ ಮಾಡುವುದು ಇದೇ ಮೊದಲು."

ಆತನು ಸಹಜವಾಗಿ ಹೇಳಿದ ಮಾತು. ನಮಗೆ ಮಾತ್ರ ಕೈಯಲ್ಲಿದ್ದ ಚಮಚವು ಭಾರವಾಯಿತು.

1988ರ ಸುಮಾರಿನಲ್ಲಿ ನಾವು ನಂಜನಗೂಡಿನ ಕಡೆಯ ಒಂದು ಊರಿನಲ್ಲಿ ಕೆಲಸಕ್ಕಿದ್ದೆವು. ಈತನು ಊರಾಚೆಯ ಕೇರಿಯಿಂದ ಬರುತ್ತಿದ್ದ ಹುಡುಗ, ತರಗತಿಗೆಲ್ಲ ಚುರುಕು. ಸಂಸ್ಕೃತವನ್ನು ಕಲಿಯಬೇಕೆಂದು ತಾನಾಗಿ ಬಂದು ಕೇಳಿದನು. ಎರಡು ವರ್ಷ ಸಂಜೆಯ ಹೊತ್ತು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಶಬ್ದಗಳನ್ನೂ ಧಾತುಗಳನ್ನೂ ಕಲಿತನು. ನಮ್ಮ ತಾಯಿಯವರು ಆಗ ಇದ್ದರು. ಅವನಿಗೆ ನೀರು ಕೊಡುವುದಕ್ಕೆಂದು ಒಂದು ಸೊಟ್ಟ ಅಲ್ಯೂಮಿನಿಯಂ ಲೋಟವು ಬೇರೆಯಾಗಿತ್ತು. ನಾವು ಅವನಿಗೆ ರಾಮಶಬ್ದದ ಇಪ್ಪತ್ತುನಾಲ್ಕು ರೂಪಗಳನ್ನೂ ಹೇಳಿಕೊಟ್ಟೆವು. ಲೋಟದ ವಿಷಯವಾಗಿ ತಾಯಿಯವರಿಗೆ ಒಂದು ಮಾತನ್ನೂ ಹೇಳಲಿಲ್ಲ. ಮುದುಕರ ಮನಸ್ಸನ್ನು ಏಕೆ ನೋಯಿಸಬೇಕೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಹುಡುಗನ ಮನಸ್ಸಿನ ಲೆಕ್ಕವನ್ನು ಹಿಡಿಯಲೇ ಇಲ್ಲ.

ಈ ಅರಮನೆಯನ್ನು ಕಟ್ಟಿಸಿದ ದೊರೆಗಳ ಸರ್ಕಾರವೇ 1915ರಲ್ಲಿ ಯಾವ ಜಾತಿಯ ಮಕ್ಕಳನ್ನೂ ಸರ್ಕಾರದ ಶಾಲೆಗಳಿಗೆ ಸೇರಿಸಿಕೊಳ್ಳತಕ್ಕದ್ದೆಂದು ಆಜ್ಞೆ ಮಾಡಿತ್ತು. 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ಹಿಂದುಳಿದವರಿಗೂ ಸರ್ಕಾರದ ಹುದ್ದೆಗಳು ದೊರೆಯುವ ಮಾರ್ಗವನ್ನು ವಿಚಾರಮಾಡಿಸಿತ್ತು. ಆಜ್ಞೆಯು ಶಾಲೆಯ ಬಾಗಿಲನ್ನು ತೆರೆಯಿತು. ಎಪ್ಪತ್ತು ವರ್ಷಗಳ ಮೇಲೆಯೂ ಅದೇ ಶಾಲೆಯ ಮೇಷ್ಟರ ಜಗಲಿಯನ್ನು ದಾಟಲಿಲ್ಲ. ಮಹಾರಾಜರು ತಮ್ಮ ಪಂಕ್ತಿಗೆ ಸಲ್ಲದವರಿಗಾಗಿ 13 ಲಕ್ಷ ರೂಪಾಯಿಗಳನ್ನು ವೆಚ್ಚಮಾಡಿದರು. ನಮ್ಮ ವೆಚ್ಚವು ಆ ಒಂದು ಲೋಟ.

ಊಟದ ನಡುವೆ ಕೇಳಿಯೇಬಿಟ್ಟೆವು: "ನಮ್ಮ ಮನೆಯ ಆ ಲೋಟ ನಿನಗೆ ನೆನಪಿದೆಯೆ?"

ಆತನು ತಲೆಯೆತ್ತಿ ನಮ್ಮನ್ನು ನೋಡಿದನು. "ಇದೆ ಮೇಷ್ಟ್ರೇ. ಬಾಗಿಲ ಪಕ್ಕದ ಗೂಡಿನಲ್ಲಿ ಇರುತ್ತಿತ್ತು. ಕುಡಿದು ನಾನೇ ತೊಳೆದು ಬೋರಲಾಗಿ ಇಡುತ್ತಿದ್ದೆ."

ಹೋಗಲಿ ಬಿಡಿ ಎನ್ನಲಿಲ್ಲ. ಕಾಲವೇ ಹಾಗಿತ್ತು ಎಂದು ನಮಗೆ ದಾರಿ ತೋರಿಸಲೂ ಇಲ್ಲ. ಅದಕ್ಕಾಗಿ ಆತನಲ್ಲಿ ನಮಗೆ ಗೌರವವು ಹೆಚ್ಚಿತು.

"ಮೇಲಿನಿಂದ ನೀರು ಹೊಯ್ಯುತ್ತಿದ್ದವಳು ನಾನೇ. ಆಗ ನಾನು ಹೊಸದಾಗಿ ಬಂದ ಸೊಸೆ. ಆದರೂ ತಪ್ಪು ತಪ್ಪೇ" ಎಂದರು ಮನೆಯವರು. ಬಡಿಸುವವನು ಬಂದು ಮೊಸರು ಬೇಕೆ ಎಂದು ಕೇಳಿದನು. ಮೂವರೂ ಬೇಕೆಂದೆವು.

ಕೈ ತೊಳೆದು ಹೊರಗಿನ ಮೊಗಸಾಲೆಯಲ್ಲಿ ನಿಂತಾಗ ಬೆಟ್ಟದ ದಾರಿಯ ದೀಪಗಳು ಸರವಾಗಿ ಹೊಳೆಯುತ್ತಿದ್ದುವು. ಮನೆಯವರು, "ಬರುವ ತಿಂಗಳು ಒಂದು ಭಾನುವಾರ ಗೊತ್ತುಮಾಡಿ ನಮ್ಮ ಮನೆಗೆ ಊಟಕ್ಕೆ ಬರಬೇಕು. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಾ" ಎಂದರು.

"ದಿನ ಗೊತ್ತುಮಾಡಿದರೆ ನೀವು ನಾಲ್ಕು ದಿನದಿಂದ ಅಡಿಗೆಗೆ ಕೂತುಬಿಡುತ್ತೀರಿ ಅಮ್ಮ. ಈ ಕಡೆ ಬಂದಾಗ ಹಾಗೇ ಬಂದುಬಿಡುತ್ತೇನೆ" ಎಂದು ಹೇಳಿ ಆತನು ಆ ರಾತ್ರಿಯೇ ಬೆಂಗಳೂರಿಗೆ ಹಿಂದಿರುಗಿದನು. ಮನೆಯವರು ಮಲಗುವ ಮುನ್ನ, "ಬರುತ್ತಾನೆಯೆ?" ಎಂದು ಎರಡು ಸಲ ಕೇಳಿದರು. ನಾವು ಉತ್ತರವನ್ನು ಹೇಳಲಾರದೆ ಹೋದೆವು. ನಾಲ್ವರು ಮಲಗುವ ಮಂಚದಲ್ಲಿ ಇಬ್ಬರಿಗೂ ಬಹಳ ಹೊತ್ತು ನಿದ್ರೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಕಾಗದದಲ್ಲಿ ಅಚ್ಚಾಗಿದ್ದ ಹೊತ್ತಿಗೆ ಸರಿಯಾಗಿ ಕೋಣೆಯನ್ನು ಬಿಟ್ಟು, ಲಿಫ್ಟಿನವನ ಕರೆಯನ್ನು ನಯವಾಗಿ ನಿರಾಕರಿಸಿ, ಮೆಟ್ಟಿಲಿಳಿದು ಬಂದೆವು.

ಪುಷ್ಯವು ಕಳೆಯಿತು. ಮಾಘದಲ್ಲಿ ಒಂದು ದಿನ ಹನ್ನೊಂದು ಗಂಟೆಯ ಸಮಯ. ಮನೆಯವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಹೊರಗೆ ಕಾರು ನಿಂತ ಸದ್ದಾಯಿತು. ಆತನೂ, ಹೆಂಡತಿಯೂ, ಎರಡು ಮಕ್ಕಳೂ ಜಗಲಿಯ ಮೇಲೆ ನಿಂತು ಪಾದರಕ್ಷೆಗಳನ್ನು ಬಿಡುತ್ತಿದ್ದರು. ಮನೆಯವರು ಮೊರವನ್ನು ಕೆಳಗಿಟ್ಟು ಎದ್ದು, ಒಳಗೆ ಬನ್ನಿ ಎಂದು ನಡುಮನೆಯನ್ನೂ ದಾಟಿಸಿ ಅಡಿಗೆಮನೆಗೇ ಕರೆದುಕೊಂಡು ಹೋದರು. ಅಂದು ಮನೆಯಲ್ಲಿ ನುಗ್ಗೆಕಾಯಿಯ ಹುಳಿ ಬಿಟ್ಟು ಬೇರೇನೂ ಇರಲಿಲ್ಲ. ಅವಸರದಲ್ಲಿ ಅದಕ್ಕೆ ಉಪ್ಪು ಒಂದು ಚಿಟಿಕೆ ಹೆಚ್ಚಾಗಿ ಬಿದ್ದಿತ್ತು. ಆತನು ಮಣೆಯ ಮೇಲೆ ಕುಳಿತು ಎರಡು ಸಲ ಹಾಕಿಸಿಕೊಂಡನು.